ಕೆಲಸ ಇಲ್ಲ ಅಂತ ಬರೆಸಿಕೊಂಡು ಬನ್ನಿ

ನಮ್ಮ ಕಾರ್ಖಾನೆ ಮುಚ್ಚಿದೆ ಎಂದು ನನಗೆ ಮೊದಲು ಹೇಳಿದವಳು ಗೇಟಿನ ಎದುರು ಸೌತೆಕಾಯಿ ಮಾರುತ್ತಿದ್ದ ಹೆಂಗಸು. ಬಸ್ಸಿಳಿದು ರಸ್ತೆ ದಾಟುತ್ತಿದ್ದ ಹಾಗೇ, ಇವತ್ತು ಯಾರನ್ನೂ ಒಳಗೆ ಬಿಡುತ್ತಿಲ್ಲ, ಬೀಗ ಹಾಕಿದ್ದಾರೆ ಎಂದಳು. ಗೇಟಿಗೆ ಇಂಗ್ಲಿಷಿನ ನೋಟೀಸೊಂದನ್ನು ಅಂಟಿಸಿದ್ದರು. ನಮಗೋಸ್ಕರ ಬರೆದ ನೋಟೀಸು, ನಮ್ಮಲ್ಲಿ ಹೆಚ್ಚಿನವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಕೊನೆಗೆ ಅದನ್ನು ಓದಿ ಹೇಳಿದವನು ದಾರಿಯಲ್ಲಿ ಹೋಗುತ್ತಿದ್ದ ಯಾವನೋ ಕೊರಿಯರ್ ಹುಡುಗ. ಓದಿದ ಮೇಲೂ ಅವನಿಗೆ ಅರ್ಥವಾಗಿದ್ದು ಇಷ್ಟೇ: ಮುಂದಿನ ಸೂಚನೆ ಬರುವ ತನಕ ಬರಬೇಡಿ.

ಎರಡು ಸಾವಿರದ ಐದಾರರ ಸುಮಾರಿನ ಮಾತು. ಕೆ.ಆರ್. ಪುರದಿಂದ ಆಚೆ, ಹಳೇ ಮದ್ರಾಸ್ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಟ್ರಾನ್ಸ್‌ಫಾರ್ಮರುಗಳಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕಾರ್ಖಾನೆ ಅದು. ನಾನು ಮದುವೆಗೆ ಮುಂಚೆಯೇ ಅಲ್ಲಿ ಸೇರಿದ್ದೆ. ಮದುವೆಯಾಗಿ ಹಲಸೂರಿಗೆ ಬಂದ ಮೇಲೂ, ಮಗಳು ಹುಟ್ಟಿದ ಮೇಲೂ ಅದೇ ಮೆಷೀನಿನ ಮುಂದೆ ಕೂತಿದ್ದೆ. ಪಕ್ಕದ ಮೆಷೀನಿನ ಗೆಳತಿ ಗುಲ್ಬರ್ಗದ ಕಡೆಯವಳು. ಗಂಡ ಗಾರೆ ಕೆಲಸದವನು. ಅವರಿಗೆ ಬಾಡಿಗೆ ಮನೆ ಬೇಕಾದಾಗ ನಾನೇ ನನ್ನ ಅಣ್ಣನ ವಠಾರದಲ್ಲಿ ಒಂದು ರೂಮು ಕೊಡಿಸಿದ್ದೆ. ನಮ್ಮ ತವರಿನ ಹೊಲಗಳೆಲ್ಲ ಕಲ್ಯಾಣ ನಗರದ ಬಳಿ ಲೇಔಟಿನ ಪಾಲಾಗಿ, ಉಳಿದ ಒಂದು ತುಂಡಿನಲ್ಲಿ ಅಣ್ಣ ಸಾಲಾಗಿ ಶೀಟಿನ ರೂಮುಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಅವನು ಬಾಡಿಗೆ ಬೆಳೆಯುತ್ತಿದ್ದ.

ಕಾರ್ಖಾನೆ ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ಕೆಲವು ವಾರ ಗೇಟಿನ ಹತ್ತಿರ ಹೋಗಿ ಬಂದೆವು. ಅಲ್ಲಿಯೇ ಒಂದು ದಿನ, ಪಕ್ಕದ ಕಾರ್ಖಾನೆಯ ಯೂನಿಯನ್ನಿನ ಹಿರಿಯರೊಬ್ಬರು ನಮ್ಮನ್ನು ಕರೆದು, ನಿಮ್ಮ ಸಂಬಳದಲ್ಲಿ ತಿಂಗಳು ತಿಂಗಳೂ ವಿಮೆಗೆ ಹಿಡಿಯುತ್ತಿದ್ದರಲ್ಲ, ಈಗ ಅದರಲ್ಲಿ ಹೊಸದೊಂದು ಸೌಲಭ್ಯ ಬಂದಿದೆ ಎಂದರು. ಕಾರ್ಖಾನೆ ಮುಚ್ಚಿ ಕೆಲಸ ಹೋದವರಿಗೆ ಕೆಲವು ತಿಂಗಳ ಮಟ್ಟಿಗೆ ಸಂಬಳದ ಒಂದು ಭಾಗವನ್ನು ನಿರುದ್ಯೋಗ ಭತ್ಯೆ ಅಂತ ಕೊಡುತ್ತಾರಂತೆ. ಅಲ್ಲಿಯವರೆಗೆ ವಿಮೆ ಎಂದರೆ ನಮಗೆ ಡಿಸ್ಪೆನ್ಸರಿಯ ಬಿಳಿ ಮಾತ್ರೆ, ಅಷ್ಟೇ. ಕೆಲಸ ಮಾಡದೆ ಇರುವುದಕ್ಕೂ ಸರ್ಕಾರ ದುಡ್ಡು ಕೊಡುತ್ತದೆ ಎಂದರೆ ಗೆಳತಿ ನಂಬಲಿಲ್ಲ. ಅವಳು ಎಷ್ಟು ಬುದ್ಧಿವಂತೆ ಎಂದು ನನಗೆ ಆಗ ತಿಳಿದಿದ್ದರೆ ಮುಂದಿನ ಓಡಾಟವೇ ಇರುತ್ತಿರಲಿಲ್ಲ.

ವಿಮೆಯವರ ಶಾಖಾ ಕಚೇರಿ ಒಂದು ಹಳೆಯ ಕಟ್ಟಡದ ಮಹಡಿಯ ಮೇಲಿತ್ತು. ಭತ್ಯೆಯ ಕೌಂಟರಿನಲ್ಲಿ ಕೂರುತ್ತಿದ್ದ ಗುಮಾಸ್ತರು ನಿವೃತ್ತಿಗೆ ಹತ್ತಿರವಾದವರು. ಬೇಸಿಗೆಯಲ್ಲೂ ಕಂದು ಬಣ್ಣದ ಸ್ವೆಟರ್ ಹಾಕಿಕೊಂಡಿರುತ್ತಿದ್ದರು. ಕೆಟ್ಟವರಲ್ಲ. ಆದರೆ ಆ ಯೋಜನೆ ಅವರಿಗೂ ನಮ್ಮಷ್ಟೇ ಹೊಸದು. ಸುತ್ತೋಲೆಯನ್ನು ಮೇಜಿನ ಮೇಲೆ ಹರಡಿಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಆಮೇಲೆ ತಲೆಯೆತ್ತಿ, ಕಾರ್ಖಾನೆ ಮುಚ್ಚಿದೆ ಅಂತ ಮಾಲೀಕರಿಂದ ಪತ್ರ ಬೇಕು ಎಂದರು. ಗೇಟಿನ ನೋಟೀಸಿನ ಜೆರಾಕ್ಸ್ ಕೊಟ್ಟೆ. ಅದನ್ನು ಓದಿ ಹಾಗೇ ವಾಪಸ್ ಕೊಟ್ಟರು.

"ಇದ್ರಲ್ಲಿ ಮುಚ್ಚಿದೆ ಅಂತ ಎಲ್ಲಿದೆ ಅಮ್ಮ? ಬರ್ಬೇಡಿ ಅಂತಿದೆ ಅಷ್ಟೇ."

ಅಲ್ಲಿಂದ ನಾವು ಇಂದಿರಾನಗರಕ್ಕೆ ಹೋದೆವು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅದರ ಲೆಕ್ಕದ ಅಧಿಕಾರಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಆಫೀಸು ನಡೆಸುತ್ತಿದ್ದರು. ಅವರು ನಮಗೆ ಕಾಫಿ ಕೊಡಿಸಿದರು, ಫ್ಯಾನ್ ಹಾಕಿಸಿದರು, ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರು. ಪತ್ರದ ಮಾತು ಬಂದಾಗ ಮಾತ್ರ, ಕಾರ್ಖಾನೆ ಮುಚ್ಚಿಯೇ ಇಲ್ಲ, ಉತ್ಪಾದನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ ಎಂದರು. ಹಾಗಾದರೆ ನಮಗೆ ಸಂಬಳ ಕೊಡಿ ಎಂದೆ. ಉತ್ಪಾದನೆಯೇ ಇಲ್ಲದ ಮೇಲೆ ಸಂಬಳ ಎಲ್ಲಿಂದ ತರಲಿ ಎಂದರು. ಹಾಗಾದರೆ ಮುಚ್ಚಿದೆ ಅಂತ ಬರೆದುಕೊಡಿ ಎಂದೆ. ಮುಚ್ಚಿಲ್ಲವಲ್ಲಮ್ಮ ಎಂದರು. ಮುಚ್ಚಿದೆ ಎಂದು ಒಂದು ಸಲ ಬರೆದುಕೊಟ್ಟರೆ ನಮ್ಮೆಲ್ಲರಿಗೂ ಪರಿಹಾರ ಕೊಡಬೇಕಾಗುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು, ನಮಗೆ ಆಮೇಲೆ ಗೊತ್ತಾಯಿತು. ಅವರ ಲೆಕ್ಕದಲ್ಲಿ ನಾವು ಕೆಲಸ ಕಳೆದುಕೊಂಡಿರಲಿಲ್ಲ, ಸುಮ್ಮನೆ ಮನೆಯಲ್ಲಿ ಕೂತಿದ್ದೆವು.

ಮತ್ತೆ ಮತ್ತೆ ಹೋದೆವು. ಒಂದು ಸಲ ಪೂಜೆಗೆ ಕೂತಿದ್ದಾರೆ, ಇನ್ನೊಂದು ಸಲ ಮದ್ರಾಸಿಗೆ ಹೋಗಿದ್ದಾರೆ. ಮೆಟ್ಟಿಲ ಹತ್ತಿರ ಅವರ ಚಪ್ಪಲಿ ಕಾಣುತ್ತಿದ್ದರೂ ಮದ್ರಾಸಿಗೆ ಹೋಗಿದ್ದಾರೆ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಳುವಷ್ಟು ಸಿಟ್ಟು ಬಂದಿತ್ತು. ಗೆಳತಿ ಕಿಟಕಿಯಾಚೆ ನೋಡುತ್ತಾ, ನಾಳೆ ಎಲ್ಲಾ ಹೆಣ್ಣುಮಕ್ಕಳೂ ಬುತ್ತಿ ಕಟ್ಟಿಕೊಂಡು ಬರೋಣ ಎಂದಳು. ಗಲಾಟೆ ಮಾಡಿದರೆ ಪೊಲೀಸರನ್ನು ಕರೆಸುತ್ತಾರೆ ಎಂದೆ.

"ಗಲಾಟಿ ಯಾಕ್ ಮಾಡಾದು ಅಕ್ಕಾ? ಕುಂತು ಊಟ ಮಾಡಮು. ಊಟಕ್ಕ ಯಾರು ಬ್ಯಾಡ ಅಂತಾರ?"

ಹಾಗೇ ಮಾಡಿದೆವು. ಕಾಯಿಲ್ ವಿಭಾಗದ ಹೆಂಗಸರೆಲ್ಲ ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಕಾಂಪೌಂಡಿಗೆ ಒರಗಿ ಫುಟ್‌ಪಾತಿನ ಮೇಲೆ ಸಾಲಾಗಿ ಕೂತು ಡಬ್ಬಿ ಬಿಚ್ಚಿದೆವು. ಒಬ್ಬರೂ ಘೋಷಣೆ ಕೂಗಲಿಲ್ಲ. ರೊಟ್ಟಿ, ಪುಂಡಿ ಪಲ್ಯ, ಮುದ್ದೆ, ಬಸ್ಸಾರು, ಚಿತ್ರಾನ್ನ, ಎಲ್ಲ ಹಂಚಿಕೊಂಡು ತಿಂದೆವು. ಎದುರು ಮನೆಯ ವಯಸ್ಸಾದ ತಮಿಳು ಅಮ್ಮ ಹೊರಗೆ ಬಂದು ಏನು ವಿಶೇಷ ಎಂದು ಕೇಳಿದರು. ನಮ್ಮಲ್ಲಿ ತಮಿಳು ಬರುವವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಅಮ್ಮ ಒಳಗೆ ಹೋಗಿ ಒಂದು ಕೊಡ ನೀರು ಕಳಿಸಿದರು, ಆಮೇಲೆ ಪಕ್ಕದ ಮನೆಯವರನ್ನೂ ಕರೆದು ತಂದರು. ಮಾರನೆಯ ದಿನವೂ ಹೋಗಿ ಕೂತೆವು. ಅವತ್ತು ನೀರಿನ ಜೊತೆ ಉಪ್ಪಿನಕಾಯಿಯೂ ಬಂತು. ಅದರ ಮಾರನೆಯ ದಿನ ನಾವು ಡಬ್ಬಿ ಬಿಚ್ಚುವ ಮುಂಚೆಯೇ ಲೆಕ್ಕದ ಅಧಿಕಾರಿ ಪತ್ರಗಳನ್ನು ಹಿಡಿದು ಗೇಟಿಗೆ ಬಂದರು. ನಮ್ಮ ಮುಖ ನೋಡಲಿಲ್ಲ. ಎದುರು ಮನೆಯ ಬಾಗಿಲ ಕಡೆ ನೋಡುತ್ತಲೇ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟರು. ಕಾರ್ಖಾನೆ ಮುಚ್ಚಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಇನ್ನೇನು, ಆಯಿತು ಎಂದುಕೊಂಡೆ. ಗುಮಾಸ್ತರು ನನ್ನ ಪತ್ರವನ್ನು ತೆಗೆದುಕೊಂಡರು, ಗೆಳತಿಯದನ್ನೂ ತೆಗೆದುಕೊಂಡರು. ಆಮೇಲೆ ಅವಳ ವಿಮಾ ಕಾರ್ಡು ನೋಡಿ, ವಿಳಾಸದ ಜಾಗದಲ್ಲಿ ಕಾರ್ಖಾನೆಯ ವಿಳಾಸ ಇದೆಯಲ್ಲ ಎಂದರು. ಸೇರುವಾಗ ಅವಳಿಗೆ ಬೆಂಗಳೂರಿನಲ್ಲಿ ಇನ್ನೂ ಮನೆ ಸಿಕ್ಕಿರಲಿಲ್ಲ, ಯಾರೋ ಹಾಗೆ ಬರೆದುಬಿಟ್ಟಿದ್ದರು. ಈಗ ಆ ಕಾರ್ಖಾನೆ ಮುಚ್ಚಿದೆ ಎಂದು ನಾವೇ ಪತ್ರ ತಂದಿದ್ದೇವೆ, ಮುಚ್ಚಿದ ಕಾರ್ಖಾನೆಯಲ್ಲಿ ಅವಳು ವಾಸವಿರಲು ಸಾಧ್ಯವಿಲ್ಲ. ಆದ್ದರಿಂದ ಎಲ್ಲಿ ಇದ್ದಾಳೋ ಆ ಮನೆಯ ಮಾಲೀಕರು ಬರೆದುಕೊಡಬೇಕು. ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮಾಲೀಕ ನನ್ನ ಅಣ್ಣನೇ ಆದ್ದರಿಂದ, ಅದೇನು ದೊಡ್ಡದಲ್ಲ, ನಾಳೆಯೇ ತರುತ್ತೇವೆ ಎಂದು ಧೈರ್ಯವಾಗಿ ಹೇಳಿ ಬಂದೆ.

ಅಣ್ಣ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ಮೊದಲು ನಾನು ಈ ಭತ್ಯೆಗೆ ಅಲೆಯುತ್ತಿರುವುದೇ ಅವನಿಗೆ ಅವಮಾನ. ಊರಿನವರು ಏನೆಂದುಕೊಳ್ಳುತ್ತಾರೆ, ನಿನಗೆ ಕಷ್ಟ ಇದ್ದರೆ ನನ್ನನ್ನು ಕೇಳಬಾರದಾ ಎಂದ. ಇದು ನನ್ನ ಸಂಬಳದಲ್ಲಿ ಹಿಡಿದ ದುಡ್ಡು, ನಿನ್ನದು ಬೇಡ ಎಂದೆ. ಅಲ್ಲಿಗೆ ಅರ್ಧ ಜಗಳವಾಯಿತು. ಗೆಳತಿಯ ಪತ್ರದ ವಿಷಯ ಎತ್ತಿದಾಗ ಉಳಿದರ್ಧ.

"ನೋಡಮ್ಮ, ಬಾಯಲ್ಲಿ ಎಷ್ಟ್ ಬೇಕಾದ್ರೂ ಹೇಳ್ತೀನಿ. ಕೈಯಲ್ಲಿ ಬರ್ಕೊಡಲ್ಲ. ಇವತ್ತು ಬರ್ಕೊಟ್ರೆ ನಾಳೆ ಮನೆ ನಂದೇ ಅಂತಾರೆ."

ಬೆಳಗಾಗೆದ್ದರೆ ಅಣ್ಣನ ನಲ್ಲಿಯಲ್ಲಿ ನೀರು ಬಿಟ್ಟಿದ್ದಾರಾ ಎಂದು ಕೇಳಿಕೊಂಡು ಬಿಂದಿಗೆ ಇಡುವ ಹೆಂಗಸು ಅವಳು. ಅವಳು ಅವನ ಮನೆ ಹೊಡೆಯುತ್ತಾಳೆ ಎಂದರೆ! ವರ್ಷಗಳಿಂದ ಬಾಡಿಗೆ ತೆಗೆದುಕೊಳ್ಳುತ್ತಿದ್ದೀಯ, ಒಂದು ಸಾಲು ಬರೆಯುವುದಕ್ಕೆ ಏನು ರೋಗ ಎಂದು ಕೇಳಿಬಿಟ್ಟೆ. ಕಂದಾಯದ ವಿಷಯವನ್ನೂ ಎತ್ತಿದೆ, ಅದು ಅವನಿಗೆ ಹಿಡಿಸಲಿಲ್ಲ. ಎದ್ದು ಒಳಗೆ ಹೋದ. ಗೆಳತಿ ವಠಾರದ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಸಲುವಾಗಿ ಅಣ್ಣ ತಂಗಿ ಮಾತು ಬಿಡುವುದು ಬೇಡ, ಈ ರೊಕ್ಕದ ಹಿಂದೆ ತಿರುಗುವ ಹೊತ್ತಿನಲ್ಲಿ ನಾಲ್ಕು ಮನೆಯ ಪಾತ್ರೆ ತಿಕ್ಕಿದ್ದರೆ ಇಷ್ಟು ಹೊತ್ತಿಗೆ ಕೈಗೆ ಕಾಸು ಬರುತ್ತಿತ್ತು ಎಂದು ನನ್ನ ಕೈ ಹಿಡಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಅತ್ತಿಗೆ ಅಷ್ಟು ಹೊತ್ತೂ ಒಳಗೆ ಅವರೆಕಾಳು ಹಿಚುಕುತ್ತಾ ಕೂತಿದ್ದರು. ನಾನು ಚಪ್ಪಲಿ ಮೆಟ್ಟುವಾಗ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, ಆ ಪತ್ರದಲ್ಲಿ ಏನು ಬರೆಯಬೇಕು ಹೇಳು ಎಂದರು. ನೀವು ಬರೆದರೆ ಆಗುವುದಿಲ್ಲ, ಮಾಲೀಕರು ಬರೆಯಬೇಕು ಎಂದೆ.

"ರೂಮುಗಳೆಲ್ಲ ನನ್ನ ಹೆಸರಲ್ಲೇ ಅವೆ. ನಿಮ್ಮಣ್ಣ ಕಂದಾಯದ ಭಯಕ್ಕೆ ನನ್ನ ಹೆಸರಿಗೆ ಮಾಡ್ಸಿದ್ದು. ಹೇಳು, ಏನ್ ಬರೀಲಿ?"

ಒಳಗಿನಿಂದ ಅಣ್ಣ ಅವರನ್ನು ಕರೆದ. ಅವರು ಬಂದೆ ಎಂದರೇ ಹೊರತು ಹೋಗಲಿಲ್ಲ. ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಮಗನ ನೋಟುಪುಸ್ತಕದ ಹಾಳೆಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ, ಈಕೆ ನನ್ನ ಮನೆಯಲ್ಲಿ ಬಾಡಿಗೆಗೆ ಇರುವುದು ನಿಜ, ಒಳ್ಳೆಯ ನಡತೆಯವಳು ಎಂದು ಬರೆದು ರುಜು ಹಾಕಿದರು. ಅಣ್ಣ ಹಬ್ಬದ ತನಕ ನನ್ನ ಜೊತೆ ಮಾತಾಡಲಿಲ್ಲ. ಅತ್ತಿಗೆಯ ಜೊತೆ ಎಷ್ಟು ದಿನ ಮಾತಾಡಲಿಲ್ಲವೋ, ಅವರು ಹೇಳಲಿಲ್ಲ.

ಇದೆಲ್ಲ ನಡೆಯುತ್ತಿರುವಾಗ ಹೊಟ್ಟೆ ಸುಮ್ಮನಿರುತ್ತದೆಯೇ? ಮನೆಯವರು ಓಡಿಸುತ್ತಿದ್ದ ಬಾಡಿಗೆ ಆಟೋ ಒಂದರಲ್ಲೇ ಸಂಸಾರ ಸಾಗುತ್ತಿರಲಿಲ್ಲ. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನನಗೆ ಗೊತ್ತಿದ್ದ ಟೈಲರ್ ಮಾಸ್ಟರೊಬ್ಬರಿದ್ದರು. ಬ್ಲೌಸಿಗೆ ಹುಕ್ಕು ಹಾಕುವುದು, ಸೀರೆಗೆ ಫಾಲ್ ಹೊಲಿಯುವುದು, ಬುರ್ಖಾದ ಅಂಚಿಗೆ ಕೈಹೊಲಿಗೆ, ಇಂಥವನ್ನು ಗಂಟು ಕಟ್ಟಿ ಕೊಡುತ್ತಿದ್ದರು. ಮನೆಗೆ ತಂದು ಮುಗಿಸಿ ವಾಪಸ್ ಕೊಟ್ಟರೆ ಅಷ್ಟಕ್ಕಷ್ಟು ಕೂಲಿ. ಹಬ್ಬ ಮದುವೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಗೆಳತಿ ಇಂದಿರಾನಗರದಲ್ಲಿ ಎರಡು ಮನೆಗಳ ಪಾತ್ರೆ ಹಿಡಿದಿದ್ದಳು.

ಜೊತೆಗೆ ಸರಿಯಾದ ಕೆಲಸದ ಹುಡುಕಾಟ. ಗಾರ್ಮೆಂಟ್ಸ್‌ಗೆ ಹೋದರೆ ಮೂವತ್ತರ ಒಳಗಿನವರು ಬೇಕು ಎನ್ನುತ್ತಿದ್ದರು. ನೋಡಲು ಹಾಗೆ ಕಾಣುವುದಿಲ್ಲ, ಆದರೆ ದಾಖಲೆಯಲ್ಲಿ ವಯಸ್ಸು ಇದೆಯಲ್ಲ ಎಂದು ಒಬ್ಬ ಸೂಪರ್‌ವೈಸರ್ ಸಮಾಧಾನ ಹೇಳಿ ಕಳಿಸಿದ. ಸಿ.ವಿ. ರಾಮನ್ ನಗರದ ದೊಡ್ಡ ಗಾಜಿನ ಕಟ್ಟಡಗಳಲ್ಲಿ ಹೌಸ್‌ಕೀಪಿಂಗಿಗೆ ಜನ ಬೇಕು ಎಂದು ಕೇಳಿ ಹೋದರೆ, ಕಂಟ್ರಾಕ್ಟರನ ಕಡೆಯವನು ನನಗೆ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಿ ಎಂದ. ನೆಲ ಒರೆಸುವುದಕ್ಕೆ ಯಾರ ಪರಿಚಯ ಬೇಕೋ ನನಗೆ ತಿಳಿಯಲಿಲ್ಲ. ಒಮ್ಮೆ ಒಂದು ಬ್ಯಾಟರಿ ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ಭತ್ಯೆಯ ಕಚೇರಿಯಲ್ಲಿ, ನಾನಿನ್ನೂ ನಿರುದ್ಯೋಗಿ ಎಂದು ಖುದ್ದಾಗಿ ಬಂದು ಸಹಿ ಮಾಡಬೇಕಾದ ದಿನವೂ ಅದೇ. ಕೆಲಸ ಹುಡುಕಲು ಹೋದರೆ ಕೆಲಸ ಇಲ್ಲ ಎನ್ನುವುದಕ್ಕೆ ಸಹಿ ತಪ್ಪುತ್ತದೆ. ಸಹಿ ಮಾಡಲು ಹೋದರೆ ಕೆಲಸ ತಪ್ಪುತ್ತದೆ. ಮೊದಲು ಸಂದರ್ಶನಕ್ಕೆ ಹೋಗಿ ಅಲ್ಲಿ ಮಧ್ಯಾಹ್ನದವರೆಗೆ ಕಾಯ್ದು, ಓಡಿ ಬಂದರೆ ಕೌಂಟರ್ ಮುಚ್ಚಿತ್ತು. ಕೆಲಸವೂ ಸಿಗಲಿಲ್ಲ.

ಮುಂದಿನ ಸಲ ಗುಮಾಸ್ತರು, ಯಾಕಮ್ಮ ಬರಲಿಲ್ಲ ಎಂದು ಕೇಳಿದರು. ಸಂದರ್ಶನ ಇತ್ತು ಎಂದೆ. ಅದೇನೂ ತಪ್ಪಲ್ಲ ಎನ್ನುವಂತೆ ತಲೆಯಾಡಿಸಿ, ನನ್ನ ಹಾಳೆಯನ್ನು ಹುಡುಕುತ್ತಾ, ಸುಮ್ಮನೆ ಮಾತಿಗೆ ಎನ್ನುವ ಹಾಗೆ, ಮತ್ತೆ ಸಂಸಾರ ಹೇಗೆ ನಡೆಯುತ್ತಿದೆ ಎಂದರು. ಅವತ್ತು ಬೆಳಗ್ಗೆ ಮಗಳ ಜೊತೆ ಕಾಲೇಜಿನ ಫೀಜಿನ ವಿಷಯಕ್ಕೆ ಮಾತಾಗಿತ್ತು. ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಮೆಟ್ಟಿಲ ತನಕ ಸಾಲಿತ್ತು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಹುಕ್ಕು ಹಾಕ್ತೀನಿ, ಫಾಲ್ ಹೊಲೀತೀನಿ. ಇನ್ನೇನ್ ಮಾಡ್ಲಿ ಸಾರ್, ನೀವ್ ದುಡ್ಡು ಕೊಡೋ ತನಕ ಗಾಳಿ ಕುಡ್ಕೊಂಡಿರಕ್ಕಾಗುತ್ತಾ?"

ಗುಮಾಸ್ತರು ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

"ಬಾಯಿ ಬಿಟ್ಟು ಹೇಳ್ಬಿಟ್ರಲ್ಲ ಅಮ್ಮ. ಈಗ ನಾನು ಬರೀಲೇಬೇಕು."

ಹುಕ್ಕು ಹಾಕುವುದು ಉದ್ಯೋಗವೋ ಅಲ್ಲವೋ, ಸುತ್ತೋಲೆಯಲ್ಲಿ ಇರಲಿಲ್ಲ. ಬೇರೆಡೆ ಕೆಲಸಕ್ಕೆ ಸೇರಿದರೆ ಭತ್ಯೆ ನಿಲ್ಲುತ್ತದೆ ಎಂದು ಮಾತ್ರ ಇತ್ತು. ನಾನು ಯಾರ ಹತ್ತಿರವೂ ಸೇರಿಲ್ಲ, ಹಾಜರಿ ಇಲ್ಲ, ಸಂಬಳ ಇಲ್ಲ ಎಂದು ವಾದಿಸಿದೆ. ಅದು ಸರಿ, ಆದರೆ ದುಡಿಮೆ ಇದೆಯಲ್ಲ ಎಂದರು. ಮೇಲಿನ ಕಚೇರಿಗೆ ಬರೆದು ಸ್ಪಷ್ಟನೆ ಕೇಳುತ್ತೇನೆ, ಅಲ್ಲಿಯವರೆಗೆ ನಿಮ್ಮದನ್ನು ತಡೆಹಿಡಿಯಬೇಕಾಗುತ್ತದೆ ಎಂದರು. ಪೂರ್ತಿ ಕೆಲಸ ಕಳೆದುಕೊಂಡು ಪೂರ್ತಿ ಸುಮ್ಮನೆ ಕೂತವರಿಗೆ ದುಡ್ಡು. ಬೆರಳಿಗೆ ಸೂಜಿ ಚುಚ್ಚಿಕೊಂಡು ಒಂದಿಷ್ಟು ಅಕ್ಕಿಗೆ ದಾರಿ ಮಾಡಿಕೊಂಡವರಿಗೆ ಸ್ಪಷ್ಟನೆ.

ನನ್ನ ಹಿಂದೆಯೇ ಗೆಳತಿ ನಿಂತಿದ್ದಳು. ಅವಳ ಸರದಿ ಬಂದಾಗ ಗುಮಾಸ್ತರು ಸಂಸಾರದ ವಿಷಯ ಕೇಳಲೇ ಇಲ್ಲ. ಕೆಲಸ ಏನಾದರೂ ಸಿಕ್ಕಿತಾ ಎಂದರು, ಅವಳು ಇಲ್ಲ ಎಂದು ತಲೆಯಾಡಿಸಿದಳು, ಹೆಬ್ಬೆಟ್ಟು ಒತ್ತಿದಳು. ಕೆಲವು ದಿನಗಳಲ್ಲಿ ಅವಳಿಗೆ ಮೊದಲ ಚೆಕ್ಕು ಬಂತು.

ಅವಳು ಆ ಚೆಕ್ಕು ಹಿಡಿದುಕೊಂಡು ನೇರವಾಗಿ ಹಲಸೂರಿಗೆ, ನಮ್ಮ ಮನೆಗೆ ಬಂದಳು. ಇದರಲ್ಲಿ ಅರ್ಧ ನಿನ್ನದು ಎಂದಳು. ನಾನು ಬೇಡ ಎಂದೆ. ಬೇಡ ಎಂದ ರೀತಿ ಅವಳಿಗೆ ನೋವಾಗುವ ಹಾಗೆ ಇತ್ತು ಎಂದು ಗೊತ್ತಾಯಿತು, ಆದರೂ ಆ ದಿನಗಳಲ್ಲಿ ನನಗೆ ನಯವಾಗಿ ಮಾತಾಡಲು ಶಕ್ತಿ ಇರಲಿಲ್ಲ. ಅವಳು ಕಾಫಿ ಕುಡಿದು ಎದ್ದು ಹೋದಳು. ಮುಂದಿನ ಸಹಿಯ ದಿನ ನಾನು ಸುಮ್ಮನೆ ನನ್ನ ಸ್ಪಷ್ಟನೆ ಬಂತಾ ಎಂದು ಕೇಳಲು ಹೋಗಿದ್ದೆ. ಅವಳು ಸಾಲಿನಲ್ಲಿ ನನಗಿಂತ ಮುಂದಿದ್ದಳು. ಕೌಂಟರ್ ತಲುಪಿದವಳೇ, ಗುಮಾಸ್ತರು ಬಾಯಿ ತೆರೆಯುವ ಮುಂಚೆಯೇ ಶುರು ಮಾಡಿದಳು.

"ಸಾಹೇಬ್ರ, ನಾನೂ ಎರಡು ಮನಿ ಭಾಂಡಿ ತಿಕ್ತೀನ್ರಿ. ಅಕ್ಕಂದು ನಿಲ್ಸಿದ್ರ ನಂದೂ ನಿಲ್ಲಿಸ್ರಿ."

ಗುಮಾಸ್ತರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ನಾನು ನಿಮ್ಮನ್ನು ಕೇಳಲಿಲ್ಲ, ನೀವು ಹೇಳಬೇಡಿ ಎಂದರು. ಅವಳು ಮತ್ತೆ ಹೇಳಿದಳು, ಈ ಸಲ ಇನ್ನೂ ಗಟ್ಟಿಯಾಗಿ, ಎರಡರಲ್ಲಿ ಒಂದು ಮನೆಯವರು ಬಟ್ಟೆಯನ್ನೂ ಒಗೆಸುತ್ತಾರೆ ಎನ್ನುವುದನ್ನು ಸೇರಿಸಿ. ಸಾಲಿನಲ್ಲಿದ್ದವರು ನಗತೊಡಗಿದರು. ನಾನು ನಗಲಿಲ್ಲ. ನನಗೆ ಅವಳನ್ನು ಅಲ್ಲೇ ಹಿಡಿದು ಬಡಿಯಬೇಕು ಎನ್ನಿಸಿತು. ಅಣ್ಣನ ಜೊತೆ ಮಾತು ಬಿಟ್ಟು, ಅತ್ತಿಗೆಯ ಕೈಯಲ್ಲಿ ಬರೆಸಿ ಅವಳಿಗೆ ಕೊಡಿಸಿದ್ದನ್ನು ಒಂದು ಕ್ಷಣದಲ್ಲಿ ಕೆಡಿಸಿಬಿಟ್ಟಳು. ಮೆಟ್ಟಿಲಿಳಿಯುವಾಗ ಯಾಕೆ ಹೀಗೆ ಮಾಡಿದೆ ಎಂದು ಬೈದೆ. ನೀನು ಹೊರಗೆ ನಿಂತಿದ್ದರೆ ನನಗೆ ಆ ರೊಕ್ಕ ಕೈಯಲ್ಲಿ ನಿಲ್ಲುವುದಿಲ್ಲ ಎಂದಳು. ನಾನು ಮತ್ತಷ್ಟು ಬೈದೆ.

ಆದರೆ ಒಂದು ಕೆಲಸವಾಯಿತು. ಒಂದು ಪ್ರಕರಣವಾಗಿದ್ದರೆ ಕಾಗದ ತಾನಾಗಿಯೇ ಹೋಗಿ ತಾನಾಗಿಯೇ ಬರಲಿ ಎಂದು ಗುಮಾಸ್ತರು ಬಿಡುತ್ತಿದ್ದರೇನೋ. ಎರಡಾದ ಮೇಲೆ, ಹೀಗೇ ಸಾಲಿನಲ್ಲಿದ್ದವರೆಲ್ಲ ನಿಜ ಹೇಳಲು ಶುರುಮಾಡಿದರೆ ಗತಿಯೇನು ಎಂದು ಅವರಿಗೆ ದಿಗಿಲಾಗಿರಬೇಕು. ರಜೆ ಹಾಕಿ, ತಾವೇ ನಮ್ಮ ಎರಡೂ ಕಡತಗಳನ್ನು ಹಿಡಿದು ಮೇಲಿನ ಕಚೇರಿಗೆ ಹೋಗಿಬಂದರಂತೆ. ಇದನ್ನು ಅವರು ಹೇಳಲಿಲ್ಲ, ಅಲ್ಲಿನ ಅಟೆಂಡರ್ ಹೇಳಿದ.

ಸ್ಪಷ್ಟನೆ ಬರುವ ಹೊತ್ತಿಗೆ ನನಗೆ ಕೆಲಸ ಸಿಕ್ಕಿತ್ತು. ಸಿ.ವಿ. ರಾಮನ್ ನಗರದ ಬಳಿಯ ಔಷಧಿ ಗೋದಾಮಿನಲ್ಲಿ ಪ್ಯಾಕಿಂಗ್. ಅಲ್ಲಿನ ಮೇಲ್ವಿಚಾರಕಿ ನನ್ನ ವಯಸ್ಸು ಕೇಳಲಿಲ್ಲ, ಬೆರಳು ನೋಡಿದಳು. ಸಣ್ಣ ತಂತಿ ಸುತ್ತಿದ ಕೈಗೆ ಮಾತ್ರೆಯ ಪಟ್ಟಿ ಎಣಿಸುವುದು ಕಷ್ಟವಾಗಲಿಲ್ಲ. ಮೊದಲ ವಾರ ಕಳೆಯುವುದರೊಳಗೆ ಗುಮಾಸ್ತರಿಂದ ಮನೆಗೆ ಕಾರ್ಡು ಬಂತು. ಮನೆಯಲ್ಲಿ ಕೂತು ಬಿಡಿ ಕೂಲಿಗೆ ಹೊಲಿಯುವುದು, ಅಲ್ಲಿ ಇಲ್ಲಿ ಮನೆಗೆಲಸ ಮಾಡುವುದು ಉದ್ಯೋಗಕ್ಕೆ ಸೇರಿದ ಹಾಗಲ್ಲ ಎಂದು ತೀರ್ಮಾನವಾಗಿತ್ತು. ಗೆಳತಿಯದು ಕೂಡಲೇ ಬಿಡುಗಡೆಯಾಯಿತು. ನಾನು ಹೊಸ ಕೆಲಸದಲ್ಲಿ ಕಾಡಿ ಬೇಡಿ ಅರ್ಧ ದಿನ ರಜೆ ತೆಗೆದುಕೊಂಡು ಹೋದೆ.

ಗುಮಾಸ್ತರು ನನ್ನನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟರು. ಆಮೇಲೆ, ಇಲ್ಲೊಂದು ಸಹಿ ಹಾಕಿ, ಇವತ್ತಿಗೆ ನಾನು ನಿರುದ್ಯೋಗಿ ಎಂದು ಇದೆ, ಓದಿ ನೋಡಿ ಎಂದರು. ಇವತ್ತು ನನಗೆ ಕೆಲಸ ಇದೆಯಲ್ಲ ಸಾರ್ ಎಂದೆ. ಅವರ ಕೈ ಅಲ್ಲಿಯೇ ನಿಂತಿತು. ಮತ್ತೆ ಸುತ್ತೋಲೆ, ಮತ್ತೆ ಬೆರಳು. ಇವತ್ತು ಕೆಲಸ ಇದ್ದರೆ, ಆ ತಿಂಗಳುಗಳಲ್ಲಿ ಕೆಲಸ ಇರಲಿಲ್ಲ ಎನ್ನುವುದಕ್ಕೆ ಯಾರಾದರೂ ಬರೆದುಕೊಡಬೇಕು. ಯಾರು ಬರೆದುಕೊಡಬೇಕು ಎಂದು ಕೇಳಿದೆ. ಅವರು ಸುತ್ತೋಲೆಯನ್ನು ಮಡಿಸಿಟ್ಟು, ನೀವು ಯಾರ ಹತ್ತಿರ ಕೆಲಸ ಮಾಡುತ್ತಿರಲಿಲ್ಲವೋ ಅವರು ಎಂದರು.

ಬೆಂಗಳೂರಿನಲ್ಲಿ ನಾನು ಯಾರ ಹತ್ತಿರ ಕೆಲಸ ಮಾಡುತ್ತಿರಲಿಲ್ಲ ಎಂದು ಹುಡುಕಲು ಹೊರಟರೆ ಊರಿಗೆ ಊರೇ ಬರೆದುಕೊಡಬೇಕಿತ್ತು. ಕೊನೆಗೆ ಟೈಲರ್ ಮಾಸ್ಟರ್ ಸಾಕು ಎಂದಾಯಿತು. ಶಿವಾಜಿನಗರಕ್ಕೆ ಹೋದಾಗ ಸಂಜೆಯ ಜನಜಂಗುಳಿ. ಅಂಗಡಿಯ ಬಾಗಿಲಲ್ಲಿ ನಿಂತು ವಿಷಯ ಹೇಳಿದೆ. ಮಾಸ್ಟರ್ ಕತ್ತರಿ ಕೆಳಗಿಡದೆ ಪೂರ್ತಿ ಕೇಳಿದರು, ಎರಡು ಸಲ ಹೇಳಿಸಿಕೊಂಡರು. ಆಮೇಲೆ ಮಗಳನ್ನು ಕರೆದು ಕನ್ನಡದಲ್ಲಿ ಬರೆಸಿದರು: ಈ ಅಮ್ಮ ನಮ್ಮ ಅಂಗಡಿಯಲ್ಲಿ ನೌಕರಿಗೆ ಇಲ್ಲ, ಯಾವತ್ತೂ ಇರಲಿಲ್ಲ, ಆದರೆ ಇವರ ಕೈಕೆಲಸ ಬಹಳ ಚೆನ್ನಾಗಿದೆ. ಆ ಕೊನೆಯ ಸಾಲು ಬೇಡ ಎಂದೆ.

"ಯಾಕೆ ಬೇಡ ಬೆಹೆನ್? ನಾನು ಸುಳ್ಳು ಬರ್ಸಲ್ಲ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಅವರೂ ಸೇರಿಕೊಂಡು ಹೌದು, ಹೊಗಳಿದರೆ ತಪ್ಪೇನು ಎಂದರು. ನಾನು ಸೋತು ಹಾಗೇ ತಂದೆ. ನಾನು ಹೆದರಿದ್ದ ಹಾಗೇ ಗುಮಾಸ್ತರು, ಕೈಕೆಲಸ ಚೆನ್ನಾಗಿದೆ ಎಂದರೆ ಕೆಲಸ ಮಾಡಿಸಿಕೊಂಡ ಹಾಗಾಯಿತಲ್ಲ ಎಂದು ಪತ್ರ ವಾಪಸ್ ಕೊಟ್ಟರು. ಮತ್ತೊಂದು ಅರ್ಧ ದಿನದ ರಜೆ, ಮತ್ತೊಮ್ಮೆ ಶಿವಾಜಿನಗರ, ಹೊಗಳಿಕೆಯ ಸಾಲಿಲ್ಲದ ಇನ್ನೊಂದು ಪತ್ರ. ಗೋದಾಮಿನ ಮೇಲ್ವಿಚಾರಕಿ, ಕೆಲಸ ಇರಲಿಲ್ಲ ಎಂದು ತೋರಿಸಲು ಹೋಗಿ ಇರುವ ಕೆಲಸ ಕಳೆದುಕೊಳ್ಳಬೇಡಿ ಎಂದು ಎಚ್ಚರಿಸಿದಳು. ಆಕೆ ತಮಾಷೆಗೆ ಹೇಳಲಿಲ್ಲ.

ಚೆಕ್ಕು ಬಂದಾಗ ಮಗಳ ಕಾಲೇಜಿನ ಮೊದಲ ವರ್ಷ ಮುಗಿಯುತ್ತಾ ಬಂದಿತ್ತು. ಆ ಹಣ ಅವಳ ಎರಡನೇ ವರ್ಷಕ್ಕಾಯಿತು. ಅಣ್ಣ ಹಬ್ಬಕ್ಕೆ ಬಂದವನು, ಅಂತೂ ಹಠ ಸಾಧಿಸಿದೆ ಬಿಡು ಎಂದ. ಅದು ಹೊಗಳಿಕೆಯೋ ಬೈಗುಳವೋ ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಗೆಳತಿ ತನ್ನ ದುಡ್ಡಿನಲ್ಲಿ ಗ್ಯಾಸ್ ಸಂಪರ್ಕ ತೆಗೆದುಕೊಂಡಳು, ಒಲೆ ಹಚ್ಚಲು ಹೆದರಿ ತಿಂಗಳಾನುಗಟ್ಟಲೆ ಸೀಮೆಎಣ್ಣೆ ಸ್ಟವ್ವಿನಲ್ಲೇ ಅಡುಗೆ ಮಾಡಿದಳು. ಇಂದಿರಾನಗರದ ಆ ಎರಡು ಮನೆಗಳನ್ನು ಅವಳು ಬಿಡಲಿಲ್ಲ. ಗೋದಾಮಿನಲ್ಲಿ ಜಾಗ ಖಾಲಿಯಿದೆ, ನಿನ್ನನ್ನೂ ಸೇರಿಸುತ್ತೇನೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಕಾರಣ ಕೇಳಿದರೆ, ಅಲ್ಲಿಯೂ ಒಂದು ದಿನ ಬೀಗ ಹಾಕಿದರೆ ಮತ್ತೆ ನಿನ್ನ ಸಂಗಡ ಆ ಮೆಟ್ಟಿಲು ಹತ್ತುವುದು ನನ್ನಿಂದ ಆಗುವುದಿಲ್ಲ ಎಂದಳು.

ನಮ್ಮ ಬೀದಿಯಲ್ಲಿ ಮಾತ್ರ ಈ ವಿಷಯಕ್ಕೆ ನನಗೆ ಹೆಸರು ಬಂದುಬಿಟ್ಟಿತು. ಯಾರಿಗೆ ಕೆಲಸ ಹೋದರೂ ಮೊದಲು ನಮ್ಮ ಮನೆಗೆ ಬರುತ್ತಾರೆ. ಮೊನ್ನೆ ಒಬ್ಬರು ಬಂದು, ಅರ್ಧ ದಿನದ ಕೆಲಸ ಒಂದು ಹಿಡಿದಿದ್ದೇನೆ, ಹೇಳಬೇಕೋ ಬೇಡವೋ ಎಂದು ಕೇಳಿದರು. ಅವರಿಗೆ ಕಾಫಿ ಕೊಟ್ಟೆ. ಆಮೇಲೆ, ಈಗಿನ ನಿಯಮ ಏನೋ ನನಗೆ ಗೊತ್ತಿಲ್ಲ, ನೀವು ನಿಜ ಹೇಳುವುದಾದರೆ ಜೊತೆಗೆ ನಿಜ ಹೇಳುವ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಎಂದೆ. ಯಾಕೆ ಎಂದು ಕೇಳಿದರು. ಅಷ್ಟೆಲ್ಲ ವಿವರಿಸುವ ತಾಳ್ಮೆ ನನಗೆ ಆ ಹೊತ್ತಿನಲ್ಲಿ ಇರಲಿಲ್ಲ.